ಡಿಗ್ರಿ ಮುಗೀತು, ಮೇಷ್ಟ್ರಾಗಬೇಕು: ಎಲ್ಲಿಂದ ಶುರು ಮಾಡೋದು?

ಡಿಗ್ರಿ ಮುಗಿದ ತಕ್ಷಣ ಮನೆಯಲ್ಲಿ ಹೇಳುವುದು ಒಂದೇ ಮಾತು, "ಬಿ.ಎಡ್. ಮಾಡ್ಬಿಡು". ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಫೀಸು ಕಟ್ಟುವ ಮುಂಚೆ ಒಂದು ತೀರ್ಮಾನ ಮಾಡಿಕೊಳ್ಳಿ: ನೀವು ಯಾವ ತರಗತಿಯ ಮಕ್ಕಳಿಗೆ ಪಾಠ ಮಾಡಬೇಕು? ಉಳಿದಿದ್ದೆಲ್ಲ ಅದರ ಮೇಲೇ ನಿಂತಿದೆ.

ಒಂದರಿಂದ ಐದನೇ ತರಗತಿಗಾದರೆ ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಬೇಕು. ಈ ಹಂತಕ್ಕೆ ಬಿ.ಎಡ್. ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲೇ ಹೇಳಿದೆ. ಆರರಿಂದ ಎಂಟಕ್ಕೆ ಡಿಗ್ರಿ, ಬಿ.ಎಡ್. ಜೊತೆಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಪಿಯು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿ, ಬಿ.ಎಡ್. ಎರಡೂ ಬೇಕು. ಡಿಗ್ರಿ ಕಾಲೇಜಿಗೆ ಬಿ.ಎಡ್. ಬೇಕಿಲ್ಲ, ಅಲ್ಲಿ ಕೇಳುವುದು ಎಂ.ಎ. ಅಥವಾ ಎಂ.ಎಸ್ಸಿ.ಯಲ್ಲಿ 55% ಅಂಕ, ಮೇಲೆ ಕೆಸೆಟ್ (ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಅಥವಾ ನೆಟ್ (ರಾಷ್ಟ್ರ ಮಟ್ಟದ್ದು). ಡಿಗ್ರಿಯಲ್ಲಿ ಓದಿದ ಕಾಂಬಿನೇಷನ್ ಕೂಡ ಮುಖ್ಯ. ಯಾವ ಹುದ್ದೆಗೆ ಯಾವ ಐಚ್ಛಿಕ ವಿಷಯಗಳು ಬೇಕು ಅಂತ ಹಳೆಯ ನೇಮಕಾತಿ ಅಧಿಸೂಚನೆಯಲ್ಲೇ ಬರೆದಿರುತ್ತಾರೆ. ಅದನ್ನು ಒಮ್ಮೆ ಕೂತು ಓದಿ, ಆಮೇಲೆ ಕಾಲೇಜು ಹುಡುಕಿ.

ಇನ್ನು ಟಿಇಟಿ. 150 ಪ್ರಶ್ನೆ, ಎರಡೂವರೆ ಗಂಟೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ವರ್ಗಕ್ಕೆ 60%, ಅಂದರೆ 90 ಅಂಕ ಬಂದರೆ ಪಾಸು. ಪ್ರಮಾಣಪತ್ರಕ್ಕೆ ಈಗ ಜೀವನಪೂರ್ತಿ ಮಾನ್ಯತೆ ಇದೆ, ಆದ್ದರಿಂದ ಬೇಗ ಬರೆದು ಮುಗಿಸಿದಷ್ಟೂ ಒಳ್ಳೆಯದು. ದಪ್ಪ ಗೈಡುಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಶಾಲಾ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮೊದಲು ಅವನ್ನು ಮುಗಿಸಿ.

ಟಿಇಟಿ ಪಾಸಾದರೆ ಕೆಲಸ ಸಿಕ್ಕಿದ ಹಾಗಲ್ಲ, ಅದು ಅರ್ಹತೆ ಅಷ್ಟೇ. ನೇಮಕಾತಿಗೆ ಬೇರೆ ಪರೀಕ್ಷೆ ಇದೆ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಹುದ್ದೆ ಕರೆದಾಗ ಅಷ್ಟೂ ತುಂಬಲಿಲ್ಲ! ಆ ಪರೀಕ್ಷೆಯಲ್ಲಿ ವಿವರವಾಗಿ ಬರೆಯುವ ಪ್ರಶ್ನೆಗಳೂ ಇದ್ದವು. ಟಿಕ್ ಹಾಕುವುದನ್ನೇ ಅಭ್ಯಾಸ ಮಾಡಿಕೊಂಡವರಿಗೆ ಪುಟಗಟ್ಟಲೆ ಬರೆಯುವಾಗ ಕೈ ಓಡುವುದಿಲ್ಲ. ದಿನಕ್ಕೆ ಒಂದಾದರೂ ಉತ್ತರ ಪೂರ್ತಿ ಬರೆದು ನೋಡಿ.

ಜಾತಿ-ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದವರಾದರೆ 371ಜೆ (ಆ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ): ಈ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಮದುವೆಯಾದ ಹೆಣ್ಣುಮಕ್ಕಳು ಇನ್ನೂ ಹುಷಾರಾಗಿರಬೇಕು. ಆದಾಯ ಪತ್ರ ತಂದೆಯದೋ ಗಂಡನದೋ ಅನ್ನುವ ಜಗಳ ಅದೇ 2022ರ ನೇಮಕಾತಿಯಲ್ಲಿ ಹೈಕೋರ್ಟ್ ತನಕ ಹೋಗಿ ಎಷ್ಟೋ ಜನ ಕಾಯಬೇಕಾಯಿತು.

ಅಧಿಸೂಚನೆ ಬರುವ ತನಕ ಮನೆಯಲ್ಲಿ ಕೂರಬೇಡಿ. ನಾನು ಜಾಸ್ತಿ ಒತ್ತಿ ಹೇಳುವುದು ಇದನ್ನೇ. ಶಾಲೆ ಶುರುವಾಗುವ ಹೊತ್ತಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಅತಿಥಿ ಶಿಕ್ಷಕರ ಖಾಲಿ ಜಾಗ ವಿಚಾರಿಸಿ, ಹತ್ತಿರದ ಶಾಲೆಯ ಎಚ್‌ಎಂ ಅವರನ್ನು ಕಂಡು ಮಾತಾಡಿ. ಗೌರವಧನ ಕಡಿಮೆ, ಅದೂ ತಡವಾಗಿ ಬರುವುದುಂಟು, ಇದು ಅನ್ಯಾಯವೇ. ಆದರೂ ಹೋಗಿ, ಯಾಕೆಂದರೆ ಅಲ್ಲಿ ಕಲಿಯುವುದು ಯಾವ ಕೋಚಿಂಗ್‌ನಲ್ಲೂ ಸಿಗುವುದಿಲ್ಲ. ಆರನೇ ತರಗತಿಯಲ್ಲಿ ಬೋರ್ಡಿನ ಮೇಲೆ 1/2 + 1/3 ಬರೆಯಿರಿ. ಅರ್ಧ ಕ್ಲಾಸು 2/5 ಅನ್ನುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. "ತಪ್ಪು" ಅಂತ ಅಳಿಸಿ ಲ.ಸಾ.ಅ. ಹೇಳಿಕೊಟ್ಟರೆ ಮಕ್ಕಳು ಬರೆದುಕೊಳ್ಳುತ್ತಾರೆ, ನಾಳೆ ಮತ್ತೆ 2/5 ಅನ್ನುತ್ತಾರೆ. ಅದರ ಬದಲು "2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ?" ಅಂತ ಕೇಳಿ, ಒಂದು ಕಾಗದ ಮಡಚಿ ತೋರಿಸಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗಾಯ್ತು ಅಂತ ಮಗುವೇ ತಲೆ ಕೆರೆದುಕೊಳ್ಳುತ್ತದೆ, ಅಲ್ವಾ? ಖಾಸಗಿ ಶಾಲೆಯ ಡೆಮೊ ಕ್ಲಾಸಿನಲ್ಲೂ ಇಂಥದ್ದೇ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ.

ಕೆಲಸ ಸಿಕ್ಕ ಮೇಲೆ ಅಲ್ಲೇ ನಿಲ್ಲಬೇಡಿ. ಸಿಬಿಎಸ್‌ಇ ಶಾಲೆಯಾದರೆ ವರ್ಷಕ್ಕೆ 50 ಗಂಟೆ ತರಬೇತಿ ಕಡ್ಡಾಯ. ಸರ್ಕಾರಿ ಶಾಲೆಯಲ್ಲಿ ಸಿಆರ್‌ಪಿ, ಬಿಆರ್‌ಪಿ (ಕ್ಲಸ್ಟರ್, ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿ) ಹುದ್ದೆಗಳಿವೆ, ಸೀನಿಯಾರಿಟಿ ಬಂದಂತೆ ಮುಖ್ಯ ಶಿಕ್ಷಕರ ಬಡ್ತಿಯೂ ಇದೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುವುದಾದರೆ ಮೊದಲು ಇಲಾಖೆಯ ಅನುಮತಿ ಬರವಣಿಗೆಯಲ್ಲಿ ಪಡೆಯಿರಿ, ಆಮೇಲೆ ಫೀಸು ಕಟ್ಟಿ. ಒಂದರಿಂದ ಎಂಟನೇ ತರಗತಿಯ ಶಿಕ್ಷಕರಿಗೆ ಬಡ್ತಿಗೂ ಟಿಇಟಿ ಬೇಕು ಎಂದು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟಿಇಟಿ ಇಲ್ಲದೆ ಒಳಗೆ ಬಂದ ಹಿರಿಯ ಸಹೋದ್ಯೋಗಿಗಳಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಂಡು ಓದಿಸಿ.