ಇಪ್ಪತ್ತಮೂರು ವಾರ್ಡ್‌ಗಳ ನಕ್ಷೆ ಕೊನೆಗೂ ಕೂಡಿಬಂತು

2018ರ ಆಗಸ್ಟ್ 31ರಂದು ನಮ್ಮ ಪುರಸಭೆಗೂ ಮತದಾನ ನಡೆಯಿತು. ಸೆಪ್ಟೆಂಬರ್ 3ರಂದು ಎಣಿಕೆ. ಪಕ್ಷದ ಮತ ಸೋರಿದ್ದು ಎಲ್ಲಿ ಎಂದು ಅಂದು ಸಂಜೆ ಹೋಟೆಲಿನ ಮುಂದೆ ಹುಟ್ಟಿದ ವಾದ ದೀಪಾವಳಿ ಕಳೆದರೂ ತಣ್ಣಗಾಗಲಿಲ್ಲ. ಕೋಟೆ ಬೀದಿಯವರು ಕೈಕೊಟ್ಟರು ಎಂದು ಒಬ್ಬರು, ಹೊಸ ಬಡಾವಣೆಯವರು ಮುಳುಗಿಸಿದರು ಎಂದು ಇನ್ನೊಬ್ಬರು. ಲೆಕ್ಕ ಯಾರ ಬಳಿಯೂ ಇರಲಿಲ್ಲ. ನಕ್ಷೆ ಮಾಡಿ ತೋರಿಸುತ್ತೇನೆ ಎಂದೆ. ಹಿರಿಯ ಕಾರ್ಯಕರ್ತರೊಬ್ಬರು, "ಇಪ್ಪತ್ತಮೂರು ವಾರ್ಡಿಗೆ ನಕ್ಷೆ ಏಕಪ್ಪಾ, ಎಲ್ಲ ನನ್ನ ತಲೆಯಲ್ಲೇ ಇದೆ" ಎಂದುಬಿಟ್ಟರು.

ಮೊದಲ ಸಲ ಕೆಟ್ಟದ್ದು ಹಳೆಯ ನಕ್ಷೆಯನ್ನು ನಂಬಿದ್ದರಿಂದ. ಗೆರೆ ಎಳೆಯಲು ಒಬ್ಬ ಹುಡುಗನಿಗೆ ಆರು ಸಾವಿರ ಕೊಟ್ಟಿದ್ದೆ. ಅವನ ಕೆಲಸದಲ್ಲಿ ತಪ್ಪಿರಲಿಲ್ಲ. ಆದರೆ ನಾನು ಕೊಟ್ಟದ್ದು 2013ರ ವಾರ್ಡ್‌ಗಳ ನಕ್ಷೆ. ಪುನರ್ವಿಂಗಡಣೆಯಲ್ಲಿ ಸಂಖ್ಯೆ ಅದೇ ಉಳಿದು ಗಡಿ ಮಾತ್ರ ಜಾರಿದ್ದು ನನ್ನ ಗಮನಕ್ಕೆ ಬಂದದ್ದು ಫ್ಲೆಕ್ಸ್ ಮುದ್ರಿಸಿದ ಮೇಲೆ. ಅದಕ್ಕೆ ಬೇರೆ ಎಂಟುನೂರು ಹೋಯಿತು.

ಎರಡನೆಯ ಸಲ ಹೊಸ ವಾರ್ಡ್ ಗಡಿಗಳ ಅಧಿಸೂಚನೆಯನ್ನೇ ಹಿಡಿದೆ. ಯೂನಿಕೋಡ್ ಅಲ್ಲದ ನುಡಿ ಅಕ್ಷರದ ಪಿಡಿಎಫ್. ನಕಲಿಸಿದರೆ ಬರೀ ಕಲಸುಮೇಲೋಗರ. ಪರಿವರ್ತಕದಲ್ಲಿ ಹಾಕಿದರೂ ಒತ್ತಕ್ಷರಗಳು ಒಡೆದವು. ಮೂರು ರಾತ್ರಿ ಕುಳಿತು ಎಲ್ಲವನ್ನೂ ಕೈಯಲ್ಲೇ ಟೈಪಿಸಿದೆ. ಅದಾದ ಮೇಲೆ ಚಕ್ಕುಬಂದಿಯ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರದ ಕಾಟ. 'ಉತ್ತರಕ್ಕೆ ಇಂಥವರ ಮನೆ, ಪೂರ್ವಕ್ಕೆ ಚರಂಡಿ' ಎಂದಿರುತ್ತದೆ. ಹೋಗಿ ನೋಡಿದರೆ ಆ ಮನೆ ಬಿದ್ದು ಅಂಗಡಿ ಸಾಲು ಎದ್ದಿದೆ, ಚರಂಡಿ ಎರಡಾಗಿದೆ.

ಆಗ ದಾರಿ ತೋರಿಸಿದವರು ನೀರುಗಂಟಿಗಳು. ವಾಲ್ವ್ ತಿರುಗಿಸುವವರಿಗೆ ಯಾವ ಸಂದಿ ಯಾವ ಸದಸ್ಯರದ್ದೆಂದು ಕಚೇರಿಗಿಂತ ಚೆನ್ನಾಗಿ ಗೊತ್ತು, ಏಕೆಂದರೆ ನೀರು ಬರದಿದ್ದರೆ ಫೋನ್ ಬರುವುದು ಅವರಿಗೇ. ಬೆಳಗಿನ ಐದು ಗಂಟೆಗೆ ಅವರ ಜೊತೆ ನಡೆದೆ, ಸುಮಾರು ನಲವತ್ತು ದಿನ. ಮತದಾರರ ಪಟ್ಟಿಯ ಮನೆ ಸಂಖ್ಯೆಗಳನ್ನು ಬಾಗಿಲ ಮೇಲಿನ ಸಂಖ್ಯೆಗೆ ಹೊಂದಿಸಿಕೊಂಡು, ಮೊಬೈಲ್‌ನಲ್ಲಿ ಬಿಂದು ಗುರುತಿಸಿ, ರಾತ್ರಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಗೆರೆ ಎಳೆಯುತ್ತಿದ್ದೆ. ಚಹಾ, ಪೆಟ್ರೋಲ್, ಜೆರಾಕ್ಸ್ ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು. ಅಧ್ಯಕ್ಷ ಸ್ಥಾನದ ಮೀಸಲಾತಿ ನ್ಯಾಯಾಲಯದಲ್ಲಿ ಸಿಕ್ಕಿಕೊಂಡು, ಗೆದ್ದ ಸದಸ್ಯರು ಅಧಿಕಾರವಿಲ್ಲದೆ ಎರಡು ವರ್ಷ ಕಾದರಲ್ಲ, ನನ್ನ ನಕ್ಷೆ ಬೆಳೆದದ್ದು ಆ ಅವಧಿಯಲ್ಲೇ.

ಗೆದ್ದ ಪಕ್ಷದ ಬಣ್ಣವನ್ನು ವಾರ್ಡ್ ತುಂಬ ಬಳಿಯುವವರಿಗೆ ಒಂದು ಮಾತು. ಊರಂಚಿನ ವಾರ್ಡಿನಲ್ಲಿ ಅರ್ಧ ಹೊಲ, ಕಾಲು ಭಾಗ ಖಾಲಿ ನಿವೇಶನ. ಅದು ನಕ್ಷೆಯನ್ನೆಲ್ಲ ನುಂಗುತ್ತದೆ, ಪೇಟೆಯ ಕಿಕ್ಕಿರಿದ ವಾರ್ಡ್ ಕಣ್ಣಿಗೇ ಬೀಳುವುದಿಲ್ಲ. ನಾನು ಮತಗಟ್ಟೆಗೊಂದು ವೃತ್ತ ಇಟ್ಟೆ: ಚಲಾವಣೆಯಾದ ಮತದಷ್ಟು ಅಗಲ, ಗೆಲುವಿನ ಅಂತರದಷ್ಟು ಗಾಢ. ಐದಾರು ವಾರ್ಡ್‌ಗಳಲ್ಲಿ ಅಂತರ ಮೂವತ್ತು ಮತಗಳೊಳಗೇ ಇತ್ತೆಂಬುದು ಆಗ ಎದ್ದು ಕಂಡಿತು.

ಅದೇ ವರ್ಷ ಮೇ 12ರ ವಿಧಾನಸಭಾ ಚುನಾವಣೆಯ ಮತಗಟ್ಟೆವಾರು ಅಂಕಿಗಳನ್ನೂ ಪಕ್ಕಕ್ಕಿಟ್ಟೆ. ಎರಡೂ ಚುನಾವಣೆಗಳಲ್ಲಿ ಬೀದಿಗಳು ಒಂದೇ ಮತಗಟ್ಟೆಗೆ ಬರುವುದಿಲ್ಲ. ಹಾಗೆ ಹರಿದುಹೋದ ಬೀದಿಗಳ ಮತಗಳನ್ನು ಹಂಚುವ ಸೂತ್ರವೊಂದನ್ನು ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಚುನಾವಣೆಗೆ ನನಗೇ ಬೇಕು. ನೀರು ಬಿಡುವ ದಿನಗಳಿಗೂ ಮತದಾನದ ಪ್ರಮಾಣಕ್ಕೂ ನಂಟು ಹುಡುಕಿ ಎರಡು ತಿಂಗಳು ಕಳೆದೆ, ಏನೂ ಸಿಗಲಿಲ್ಲ.

ಕೋಟೆ ಬೀದಿ ಮಾತ್ರ ಆರೋಪದಿಂದ ಪಾರಾಯಿತು. ಮೇ ತಿಂಗಳಲ್ಲಿ ಬಿದ್ದಷ್ಟೇ ಮತ ಆಗಸ್ಟ್‌ನಲ್ಲೂ ಅಲ್ಲಿ ಬಿದ್ದಿತ್ತು. ಸೋರಿದ್ದು ಸಂತೆ ಮೈದಾನದ ಹಿಂದಿನ ಎರಡು ಮತಗಟ್ಟೆಗಳಲ್ಲಿ, ಅದೂ ಪಕ್ಷೇತರರ ಕಡೆಗೆ. ಅಂದು ತಲೆಯಲ್ಲೇ ಇದೆ ಎಂದಿದ್ದ ಹಿರಿಯರು ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ನಕ್ಷೆ ನೋಡಿದರು. ಮರುದಿನ ಎದುರು ಪಕ್ಷದವರೂ ಬಂದರು. ಇಬ್ಬರಿಗೂ ಒಂದೇ ಪ್ರತಿ ಕೊಟ್ಟೆ, ಮುದ್ರಣದ ಖರ್ಚು ಮಾತ್ರ ತೆಗೆದುಕೊಂಡೆ.