‘ಯೋಚನೆ ಮಾಡ್ಬೇಡಿ’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನು?

ನಮ್ಮ ಕಡೆ ಯಾರಾದರೂ ಚಿಂತೆಯಲ್ಲಿ ಕೂತಿದ್ದರೆ ‘ಯೋಚನೆ ಮಾಡ್ಬೇಡಿ, ನಾನಿದ್ದೀನಿ’ ಅನ್ನುತ್ತೇವೆ. ಪ್ರೀತಿಯ ಮಾತು ಅದು. ಇದೇ ಮಾತು ಒಮ್ಮೆ ಇಂಗ್ಲಿಷಿನಲ್ಲಿ ನನಗೆ ಕೈಕೊಟ್ಟಿತು.

2020ರ ಲಾಕ್‌ಡೌನ್ ಸಮಯ. ಶಿವಮೊಗ್ಗದ ಆಫೀಸು ಮುಚ್ಚಿತ್ತು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಇಂಗ್ಲೆಂಡಿನವರ ಲೆಕ್ಕಪತ್ರ ನೋಡುವ ಕೆಲಸ. ಒಂದು ಸಂಜೆ ಕಾಲ್‌ನಲ್ಲಿದ್ದ ಹೆಂಗಸಿಗೆ ಫೈಲು ಸಮಯಕ್ಕೆ ಸಿಗುತ್ತದೋ ಇಲ್ಲವೋ ಅಂತ ಗಾಬರಿ. ಸಮಾಧಾನ ಮಾಡೋಣ ಅಂತ ನಾನು ‘ಡೋಂಟ್ ಥಿಂಕ್ ಮ್ಯಾಡಂ, ಐ ವಿಲ್ ಡು’ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

‘ಡೋಂಟ್ ವರಿ’ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವಸರದಲ್ಲಿ ಬಾಯಿಗೆ ಮೊದಲು ಬರುವುದು ಮನೆಮಾತಿನ ಅಚ್ಚು. ಕನ್ನಡದಲ್ಲಿ ಯೋಚನೆ ಅಂದರೆ ಆಲೋಚನೆಯೂ ಹೌದು, ಚಿಂತೆಯೂ ಹೌದು. ಇಂಗ್ಲಿಷಿನ ‘ಥಿಂಕ್’ಗೆ ಆ ಎರಡನೇ ಅರ್ಥ ಇಲ್ಲ. ನಾನು ಅವರಿಗೆ ಹೇಳಿದ್ದು ‘ನೀವು ತಲೆ ಓಡಿಸಬೇಡಿ’ ಅಂತ! ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮರುದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಅದರಿಂದ ಉಪಯೋಗ ಆಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೆ ಪದಗಳ ಪಟ್ಟಿ ಮಾಡಿದೆ. ಐಡಿಯಾ, ಥಾಟ್, ಒಪಿನಿಯನ್, ಮೈಂಡ್. ಏನೂ ಉಪಯೋಗ ಆಗಲಿಲ್ಲ. ಪದ ಗೊತ್ತಿದ್ದರೂ ಅದರ ಜೊತೆ ಯಾವ ಕ್ರಿಯಾಪದ ಹಾಕಬೇಕು ಅನ್ನುವುದು ಗೊತ್ತಾಗದೆ ನಾಲಿಗೆ ತಡವರಿಸುತ್ತಿತ್ತು. ಆಗುಂಬೆ ಕಡೆಯ ಮಳೆ ನೋಡುತ್ತಾ ಬೆಳೆದವಳಿಗೆ ಉತ್ತರ ಸಿಕ್ಕಿದ್ದೂ ಮಳೆಯಿಂದಲೇ. ನಾವು ಜೋರು ಮಳೆ ಅನ್ನುತ್ತೇವೆ, ಜೋರು ಗಾಳಿ ಅನ್ನುತ್ತೇವೆ. ಎರಡಕ್ಕೂ ಒಂದೇ ಜೋರು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ‘ಸ್ಟ್ರಾಂಗ್ ರೈನ್’ ಅಂದರೆ ಅರ್ಥ ಆಗುತ್ತದೆ, ಆದರೆ ಹೊರಗಿನವರು ಹೇಳಿದ ಹಾಗಿರುತ್ತದೆ. ಯಾಕೆ ಹಾಗೆ ಅಂತ ಕೇಳಿದರೆ ಕಾರಣ ಇಲ್ಲ. ಆ ಪದಗಳು ಜೊತೆಯಲ್ಲಿ ಓಡಾಡುತ್ತವೆ, ಅಷ್ಟೇ. ಇದಕ್ಕೆ ಕಾಲೊಕೇಶನ್ ಅನ್ನುತ್ತಾರೆ. ನಾನು ಜೊತೆಪದ ಅಂತ ಕರೆಯುತ್ತೇನೆ. ಭಾಷಾವಿಜ್ಞಾನದಲ್ಲಿ ಈ ವಿಷಯಕ್ಕೆ ಜಾಗ ಮಾಡಿಕೊಟ್ಟವರು ಜೆ. ಆರ್. ಫರ್ತ್ ಎಂಬ ಇಂಗ್ಲಿಷ್ ವಿದ್ವಾಂಸರು. 1920ರ ದಶಕದಲ್ಲಿ ಲಾಹೋರಿನಲ್ಲಿ ಪಾಠ ಮಾಡಿದವರು. ಒಂದು ಪದ ಎಂಥದ್ದು ಅಂತ ಅದರ ಸಹವಾಸ ನೋಡಿ ತಿಳಿಯಬೇಕು ಅನ್ನುವ ಅರ್ಥದ ಮಾತನ್ನು 1957ರಲ್ಲಿ ಬರೆದರು. ಮನುಷ್ಯರ ಬಗ್ಗೆ ನಮ್ಮ ಹಿರಿಯರು ಹೇಳುವುದೂ ಅದನ್ನೇ ಅಲ್ವಾ?

ಹಾಗಾಗಿ ಪಟ್ಟಿ ಬಿಟ್ಟೆ. ನೋಟ್‌ಬುಕ್ಕಿನ ಎಡಗಡೆ ಮನೆಯಲ್ಲಿ ಕೇಳಿದ ಒಂದು ಕನ್ನಡ ವಾಕ್ಯ. ಬಲಗಡೆ ಅದೇ ಮಾತಿಗೆ ಇಂಗ್ಲಿಷಿನವರು ಏನನ್ನುತ್ತಾರೋ ಆ ಪೂರ್ತಿ ವಾಕ್ಯ. ಬಿಡಿ ಪದ ಬರೆಯಬಾರದು ಅಂತ ನಿಯಮ ಮಾಡಿಕೊಂಡೆ. ಬಲಗಡೆಯದನ್ನು ನಾನಾಗಿ ಕಟ್ಟುತ್ತಿರಲಿಲ್ಲ. ಇಂಗ್ಲಿಷ್ ಮೇಲ್‌ಗಳಲ್ಲಿ, ರೇಡಿಯೋದಲ್ಲಿ, ಜೊತೆಪದಗಳ ನಿಘಂಟಿನಲ್ಲಿ ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೆ.

ಕೆಲವು ಕಡೆ ಎರಡು ಭಾಷೆಗಳೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಇದು ನನಗೆ ತುಂಬ ಧೈರ್ಯ ಕೊಟ್ಟಿತು. ‘ನಂಗೆ ಎರಡು ಮನಸ್ಸಾಗಿದೆ’ ಅನ್ನುವುದು ಇಂಗ್ಲಿಷಿನಲ್ಲಿ ‘ಐ ಆಮ್ ಇನ್ ಟೂ ಮೈಂಡ್ಸ್’. ಮಾತಿನ ಎಳೆ ತಪ್ಪಿತು ಅನ್ನುವುದಕ್ಕೆ ‘ಐ ಲಾಸ್ಟ್ ದ ಥ್ರೆಡ್’. ನನಗೆ ಹೊಳೆಯಿತು ಅನ್ನುವಾಗ ಹೊಳೆಯುವುದು ವಿಷಯ, ನಾನು ಬರೀ ‘ನನಗೆ’. ‘ಇಟ್ ಅಕರ್ಡ್ ಟು ಮಿ’ಯಲ್ಲೂ ಹಾಗೇ. ಇಷ್ಟು ಚೆಂದದ ವಾಕ್ಯ ಕೈಯಲ್ಲಿದ್ದೂ ನಾವು ‘ಐ ಗಾಟ್ ಒನ್ ಐಡಿಯಾ’ ಅನ್ನುತ್ತೇವೆ. ಅರೆಬೆಂದ ಯೋಚನೆಗೆ ಅವರು ‘ಹಾಫ್ ಬೇಕ್ಡ್ ಐಡಿಯಾ’ ಅನ್ನುತ್ತಾರೆ. ಅವರದು ಒಲೆಯಲ್ಲಿ ಅರ್ಧ ಸುಟ್ಟ ಬ್ರೆಡ್ಡು. ನನಗೆ ಮಾತ್ರ ಅಡಿಕೆ ಬೇಯಿಸುವ ಚೊಗರಿನ ಹಂಡೆಯಿಂದ ಬೇಗ ತೆಗೆದ ಅಡಿಕೆ ನೆನಪಾಗುತ್ತದೆ. ಒಣಗಿದ ಮೇಲೆ ಬಣ್ಣ ಕೂರುವುದಿಲ್ಲ, ಮಂಡಿಯಲ್ಲಿ ಬೆಲೆ ಸಿಗುವುದಿಲ್ಲ. ಹೀಗೆ ಕಣ್ಣ ಮುಂದೆ ಒಂದು ವಸ್ತು ಬಂದು ನಿಂತರೆ ಆ ಪದ ಮರೆಯುವುದಿಲ್ಲ.

ದಾರಿ ಬೇರೆಯಾಗುವ ಕಡೆ ಮಾತ್ರ ಎಚ್ಚರ ಬೇಕು. ನಾವು ಯೋಚನೆ ‘ಮಾಡು’ತ್ತೇವೆ. ಅವರು ವಿಷಯಕ್ಕೆ ಯೋಚನೆ ‘ಕೊಡು’ತ್ತಾರೆ. ಸ್ವಲ್ಪ ಯೋಚನೆ ಮಾಡಿ ಹೇಳಿ ಅನ್ನಲು ‘ಗಿವ್ ಇಟ್ ಸಮ್ ಥಾಟ್’. ಅದೇ ಗಮನದ ವಿಷಯ ಬಂದರೆ ಉಲ್ಟಾ. ನಾವು ಗಮನ ಕೊಡುತ್ತೇವೆ, ಅವರು ‘ಪೇ’ ಮಾಡುತ್ತಾರೆ, ‘ಪೇ ಅಟೆನ್ಷನ್’. ‘ನನ್ನ ಪ್ರಕಾರ’ ಅನ್ನುವುದನ್ನು ನಾನು ವರ್ಷಗಟ್ಟಲೆ ‘ಅಕಾರ್ಡಿಂಗ್ ಟು ಮಿ’ ಅಂತಲೇ ಹೇಳಿದ್ದೆ. ‘ಅಕಾರ್ಡಿಂಗ್ ಟು’ ಬೇರೆಯವರ ಮಾತಿಗೆ. ನಮ್ಮದಕ್ಕೆ ‘ಇನ್ ಮೈ ಒಪಿನಿಯನ್’. ಡಿಸ್ಕಸ್ ಜೊತೆ ‘ಅಬೌಟ್’ ಬರುವುದಿಲ್ಲ. ‘ಲೆಟ್ಸ್ ಡಿಸ್ಕಸ್ ದ ಐಡಿಯಾ’, ಅಲ್ಲಿಗೆ ಮುಗಿಯಿತು. ಕ್ಲಾಸಿನಲ್ಲಿ ಕೈ ಎತ್ತಿ ‘ಐ ಹ್ಯಾವ್ ಎ ಡೌಟ್’ ಅನ್ನುತ್ತೇವಲ್ಲ, ಹೊರಗಿನವರ ಕಿವಿಗೆ ಅದು ‘ನೀವು ಹೇಳಿದ್ದು ನನಗೆ ನಂಬಿಕೆ ಬರ್ತಿಲ್ಲ’ ಅಂದ ಹಾಗೆ ಕೇಳಬಹುದು. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೆ ಸಾಕು.

ಇನ್ನು ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಐಡಿಯಾ ಜೊತೆ ಬರುವ ಕ್ರಿಯಾಪದ ಸುಮ್ನೆ ಅಲಂಕಾರಕ್ಕೆ ಬರುವುದಿಲ್ಲ. ಆ ಯೋಚನೆ ಎಲ್ಲಿವರೆಗೆ ಬಂದಿದೆ ಅಂತ ಅದು ಹೇಳುತ್ತದೆ. ಇದು ಗೊತ್ತಾಗಿದ್ದು ಎರಡು ದಿನದ ಕೆಲಸ ಹಾಳಾದ ಮೇಲೆ. ಕ್ಲೈಂಟ್ ಕಡೆಯವರು ಮೇಲ್‌ನಲ್ಲಿ ರಿಪೋರ್ಟಿನ ರೂಪ ಬದಲಿಸುವ ಬಗ್ಗೆ ‘ವಿ ಆರ್ ಟಾಯಿಂಗ್ ವಿತ್ ದಿ ಐಡಿಯಾ’ ಅಂತ ಬರೆದಿದ್ದರು. ನನ್ನ ಕಣ್ಣು ‘ಐಡಿಯಾ’ ಮೇಲೆ ಮಾತ್ರ ನಿಂತಿತು. ಓಹೋ, ಬದಲಾಯಿಸಬೇಕಂತೆ ಅಂತ ಇಡೀ ರಿಪೋರ್ಟು ಹೊಸದಾಗಿ ಕಟ್ಟಿದೆ. ಅವರು ಹೇಳಿದ್ದು, ಮಗು ಆಟಿಕೆ ಹಿಡಿದು ತಿರುಗಿಸಿ ನೋಡುವ ಹಾಗೆ ಆ ಯೋಚನೆಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದೇವೆ, ಇನ್ನೂ ಏನೂ ಗಟ್ಟಿಯಾಗಿಲ್ಲ ಅಂತ. ಅವರು ‘ವಿ ಹ್ಯಾವ್ ಡಿಸೈಡೆಡ್’ ಅಂದಿರಲಿಲ್ಲ. ‘ಗಿವಿಂಗ್ ಇಟ್ ಸೀರಿಯಸ್ ಥಾಟ್’ ಅಂತಲೂ ಅಂದಿರಲಿಲ್ಲ.

ಈ ಮೆಟ್ಟಿಲುಗಳನ್ನು ಕಲಿಯಲು ನನಗೆ ಸಹಾಯ ಮಾಡಿದ್ದು ಅಪ್ಪಯ್ಯನ ಒಂದು ಯೋಚನೆ. ಆ ವರ್ಷ ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ಸುಲಿಯುವವರು ಸಿಗುವುದು ಕಷ್ಟವಾಗಿತ್ತು. ರಾತ್ರಿ ಊಟ ಆದ ಮೇಲೆ ಮನೆಯವರೇ ಮೆಟ್ಟುಗತ್ತಿ ಮುಂದೆ ಕೂರುತ್ತಿದ್ದೆವು. ಸುಲಿಯುವ ಮೆಷಿನ್ ತರೋಣ ಅಂತ ಅಪ್ಪಯ್ಯನಿಗೆ ಹೊಳೆದದ್ದು ಆಗಲೇ. ಮೂರು ತಿಂಗಳು ಆ ಯೋಚನೆ ನಡೆದ ದಾರಿಯನ್ನು ನಾನು ದಿನಾ ಒಂದು ಇಂಗ್ಲಿಷ್ ವಾಕ್ಯದಲ್ಲಿ ಬರೆದಿಟ್ಟೆ.

ಮೊದಲ ವಾಕ್ಯ ‘ದಿ ಐಡಿಯಾ ಅಕರ್ಡ್ ಟು ಹಿಮ್’. ಒಂದು ವಾರ ಯಾರಿಗೂ ಹೇಳದೆ ಅದನ್ನೇ ತಿರುವಿ ಹಾಕುತ್ತಿದ್ದರು, ಅಲ್ಲಿ ‘ಟಾಯ್ಡ್ ವಿತ್’. ಆಮೇಲೊಂದು ರಾತ್ರಿ ಎಲ್ಲರೂ ಸುಲಿಯುತ್ತಿದ್ದಾಗ ‘ಮೆಷಿನ್ ಏನೋ ಚಲೋ ಇದೆಯಂತೆ’ ಅಂತ ಮಾತು ತೇಲಿಬಿಟ್ಟರು. ಇಂಗ್ಲಿಷಿನಲ್ಲೂ ತೇಲಿಬಿಡುವುದೇ, ‘ಹಿ ಫ್ಲೋಟೆಡ್ ದಿ ಐಡಿಯಾ’. ಮುಳುಗುತ್ತದೋ ನಿಲ್ಲುತ್ತದೋ ನೋಡುವುದು. ದೊಡ್ಡಮ್ಮ ಕತ್ತಿಯಿಂದ ಕಣ್ಣು ಎತ್ತಲೇ ಇಲ್ಲ. ‘ಮೆಷಿನ್ನಿಗೆ ಕೊಟ್ರೆ ಅಡಿಕೆ ಗಾಯ ಆಗ್ತದೆ ಮಾರಾಯ. ಬ್ಯಾಡ’ ಅಂದರು. ತಳ್ಳಿಹಾಕಿದರು. ‘ಶಿ ಡಿಸ್ಮಿಸ್ಡ್ ದಿ ಐಡಿಯಾ’. ರಿಜೆಕ್ಟ್ ಅಂದರೂ ನಡೆಯುತ್ತದೆ. ಆದರೆ ಕೇಳಿದ ತಕ್ಷಣ ಇದು ಲೆಕ್ಕಕ್ಕಿಲ್ಲ ಅಂತ ಬದಿಗೆ ಸರಿಸಿದ್ದಕ್ಕೆ ಡಿಸ್ಮಿಸ್ಸೇ ಸರಿ. ರಿಜೆಕ್ಟ್ ಮಾಡುವಾಗ ನೋಡಿ, ಅಳೆದು, ಬೇಡ ಅಂದಿರಬಹುದು.

ಅಪ್ಪಯ್ಯ ಬಿಡಲಿಲ್ಲ. ಪಕ್ಕದ ಮನೆ ಅಣ್ಣಯ್ಯನ ಹತ್ತಿರ ಹೋಗಿ ಹೇಳಿ, ಅವರು ಏನನ್ನುತ್ತಾರೆ ಅಂತ ನೋಡಿದರು. ಗೋಡೆಗೆ ಚೆಂಡು ಹೊಡೆದು ವಾಪಸು ಹಿಡಿಯುವ ಹಾಗೆ. ಇಂಗ್ಲಿಷಿನಲ್ಲಿ ‘ಬೌನ್ಸ್ ಆನ್ ಐಡಿಯಾ ಆಫ್ ಸಮ್‌ಒನ್’. ಬೆಲೆ ಕೇಳಿದ ಮೇಲೆ ಅಪ್ಪಯ್ಯನಿಗೇ ಹಿಂಜರಿಕೆ ಶುರುವಾಯಿತು. ‘ಹಿ ಹ್ಯಾಡ್ ಸೆಕೆಂಡ್ ಥಾಟ್ಸ್’. ಇಲ್ಲಿ ‘ಥಾಟ್ಸ್’ ಬಹುವಚನ ಅನ್ನುವುದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿದ್ದೇನೆ. ಅದೇ ‘ವಿದೌಟ್ ಎ ಸೆಕೆಂಡ್ ಥಾಟ್’ ಅಂದಾಗ ಏಕವಚನ. ಅರ್ಥ ಹಿಂದೆ ಮುಂದೆ ನೋಡದೆ. ಇನ್ನು ‘ಡೋಂಟ್ ಗಿವ್ ಇಟ್ ಎ ಸೆಕೆಂಡ್ ಥಾಟ್’ ಅಂದರೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಅಂತ. ಯಾರಾದರೂ ನಮಗೆ ತೊಂದರೆ ಕೊಟ್ಟೆವೇನೋ ಅಂತ ಸಂಕೋಚಪಟ್ಟಾಗ ಹೇಳುವ ಮಾತು. ನಮ್ಮ ‘ಯೋಚನೆ ಮಾಡ್ಬೇಡಿ’ಗೆ ಹತ್ತಿರ ಬರುವ ಇಂಥ ಮಾತು ಅವರಲ್ಲೂ ಇದೆ ಅಂತ ತಿಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಜನವರಿ ಹೊತ್ತಿಗೆ ದೊಡ್ಡಮ್ಮನ ಬೆನ್ನು ನೋವು ಜಾಸ್ತಿಯಾಯಿತು. ‘ಆ ಮೆಷಿನ್ ಒಂದ್ಸಲ ನೋಡಿ ಬರುವ’ ಅಂದರು. ‘ಶಿ ವಾರ್ಮ್ಡ್ ಟು ದಿ ಐಡಿಯಾ’. ಮಳೆಗಾಲದಲ್ಲಿ ಬಚ್ಚಲ ಒಲೆ ಮುಂದೆ ಕೂತರೆ ನಿಧಾನಕ್ಕೆ ಮೈಚಳಿ ಬಿಡುತ್ತದಲ್ಲ, ಹಾಗೆ. ಒಂದೇ ಸಲಕ್ಕೆ ಒಪ್ಪಿದ್ದಕ್ಕೆ ಈ ಮಾತು ಬಳಸಬಾರದು. ಕೊನೆಗೆ ಎಲ್ಲರೂ ತೀರ್ಮಾನಕ್ಕೆ ಬಂದರು. ‘ದೇ ಕೇಮ್ ಟು ಎ ಡಿಸಿಷನ್’. ಇಲ್ಲಿ ನಾವೂ ಬರುತ್ತೇವೆ, ಅವರೂ ಬರುತ್ತಾರೆ. ಮೆಷಿನ್ ಬಂತು. ದೊಡ್ಡಮ್ಮ ಈಗಲೂ ಮನೆ ಖರ್ಚಿನ ಅಡಿಕೆಯನ್ನು ಕೈಯಲ್ಲೇ ಸುಲಿಯುತ್ತಾರೆ.

ಒಂದೇ ಕಥೆಯಲ್ಲಿ ಕಲಿತದ್ದರಿಂದ ಈ ಪದಗಳು ಅದೇ ಸಾಲಿನಲ್ಲಿ ನನ್ನ ತಲೆಯಲ್ಲಿ ಉಳಿದಿವೆ. ನೀವೂ ಹೀಗೆ ಮಾಡಿ ನೋಡಿ. ಮನೆಯಲ್ಲಿ ಬಾವಿ ತೆಗೆಸುವ ಮಾತು, ಮಗಳನ್ನು ಯಾವ ಕಾಲೇಜಿಗೆ ಸೇರಿಸುವುದು ಅನ್ನುವ ಮಾತು, ಯಾವುದಾದರೂ ಒಂದು ನಡೆಯುತ್ತಲೇ ಇರುತ್ತದೆ.

‘ಟ್ರೇನ್ ಆಫ್ ಥಾಟ್’ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾರೋ ಮಧ್ಯೆ ಬಾಯಿ ಹಾಕಿದರೆ ‘ಐ ಲಾಸ್ಟ್ ಮೈ ಟ್ರೇನ್ ಆಫ್ ಥಾಟ್’ ಅನ್ನುತ್ತಾರೆ. ತಾಳಗುಪ್ಪದ ರೈಲು ಬಿಟ್ಟುಹೋಯಿತೇನೋ ಅನ್ನುವ ಹಾಗೆ ನಾನು ಅದನ್ನು ನೆನಪಿಟ್ಟುಕೊಂಡಿದ್ದೆ. ಆಮೇಲೆ ತಿಳಿಯಿತು, ಈ ಮಾತು ರೈಲಿಗಿಂತ ಹಳೆಯದು. ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲೇ ಇದನ್ನು ಬಳಸಿದ್ದಾರೆ. ಇಂಗ್ಲೆಂಡಿನಲ್ಲಿ ಸ್ಟಾಕ್ಟನ್ ಮತ್ತು ಡಾರ್ಲಿಂಗ್ಟನ್ ನಡುವೆ ಉಗಿಬಂಡಿ ಓಡಿದ್ದು 1825ರಲ್ಲಿ. ಟ್ರೇನ್ ಅಂದರೆ ಮೊದಲಿಗೆ ಒಂದರ ಹಿಂದೆ ಒಂದು ಎಳೆದುಕೊಂಡು ಬರುವ ಸಾಲು. ಇರುವೆ ಸಾಲಿನ ಹಾಗೆ. ಈಗ ನನ್ನ ನೋಟ್‌ಬುಕ್ಕಿನಲ್ಲಿ ಆ ವಾಕ್ಯದ ಪಕ್ಕ ಇರುವೆಗಳ ಚಿತ್ರ ಇದೆ.

ಈಗ ಅಣ್ಣನ ಮಗಳು ಸೆಕೆಂಡ್ ಪಿಯುಸಿ. ಅವಳಿಗೂ ಒಂದು ನೋಟ್‌ಬುಕ್ ಕೊಡಿಸಿದ್ದೇನೆ. ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ದಿನಕ್ಕೆ ಎರಡು ವಾಕ್ಯ ಬರೆಯುತ್ತೇವೆ. ಅದಕ್ಕಿಂತ ಜಾಸ್ತಿ ಬೇಡ, ಮರೆತುಹೋಗುತ್ತದೆ. ಮೊನ್ನೆ ಪರೀಕ್ಷೆ ಮುಗಿಸಿ ಬಂದವಳು ‘ಅತ್ತೆ, ಯೋಚನೆ ಹತ್ತಿದೆ ಅಂತೀವಲ್ಲ, ಅದಕ್ಕೆ ಎಂಥ ಬರೀಲಿ?’ ಅಂತ ಕೇಳಿದಳು. ‘ಇಟ್ಸ್ ಆನ್ ಮೈ ಮೈಂಡ್’ ಅಂತ ಒಂದಿದೆ ಅಂದೆ. ಮನಸ್ಸಿನಲ್ಲಿ ಅದೇ ಇದೆ ಅಂತ. ಇನ್ನೊಂದು ‘ಇಟ್ಸ್ ವೇಯಿಂಗ್ ಆನ್ ಮೈ ಮೈಂಡ್’, ಮನಸ್ಸಿನ ಮೇಲೆ ಭಾರ ಹೇರಿದ ಹಾಗೆ. ಅವಳು ಎರಡನ್ನೂ ಬರೆದಳು. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತಳು. ಆಮೇಲೆ ಮೊದಲನೆಯದರ ಪಕ್ಕ ‘ರಿಸಲ್ಟ್ ಬರೋವರೆಗೆ’ ಅಂತಲೂ, ಎರಡನೆಯದರ ಪಕ್ಕ ‘ರಿಸಲ್ಟ್ ಹಿಂದಿನ ರಾತ್ರಿ’ ಅಂತಲೂ ತಾನೇ ಬರೆದುಕೊಂಡಳು.