ಅಂಡಾಶಯ ತೆಗೆಸಿಕೊಂಡು ಇಂಗ್ಲೆಂಡಿಗೆ ಹೊರಡುವ ಕೊಡಗಿನ ಹೆಣ್ಣುಮಕ್ಕಳಿಗೆ

ಸೋಮವಾರಪೇಟೆ, ಕುಶಾಲನಗರದ ಕಡೆಯಿಂದ ಮೈಸೂರಿಗೆ ಹೋಗಿ ಅಂಡಾಶಯಗಳನ್ನು ತೆಗೆಸಿಕೊಂಡು, ಹೊಲಿಗೆ ಮಾಗುತ್ತಲೇ ಇಂಗ್ಲೆಂಡಿಗೆ ಹೊರಡುವ ನಲವತ್ತರೊಳಗಿನ ಹೆಣ್ಣುಮಕ್ಕಳು ಮರೆಯದೆ ಒಯ್ಯಬೇಕಾದುದು ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ ಮತ್ತು ಬಯಾಪ್ಸಿ ವರದಿ. ನಮ್ಮಲ್ಲಿ ‘ಗರ್ಭಕೋಶದ ಆಪರೇಷನ್ ಆಯಿತು’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುವ ರೂಢಿಯಿರುವುದರಿಂದ, ಏನನ್ನು ತೆಗೆದರು, ಏನನ್ನು ಉಳಿಸಿದರು ಎಂಬುದು ಎಷ್ಟೋ ಸಲ ಆಕೆಗೇ ತಿಳಿದಿರುವುದಿಲ್ಲ. ಅಂಡಾಶಯ ಹೋದ ಮೇಲೆ ಮೈಯಲ್ಲಿ ಕುಸಿಯುವ ಹಾರ್ಮೋನನ್ನು ತುಂಬಲು ಅಲ್ಲಿನ ವೈದ್ಯರು ಕೊಡುವ ಔಷಧ ನಿಂತಿರುವುದು ಈ ಉತ್ತರದ ಮೇಲೆಯೇ. ಗರ್ಭಕೋಶವನ್ನೂ ತೆಗೆದಿದ್ದರೆ ಸಾಮಾನ್ಯವಾಗಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಒಂದೇ ಸಾಕು. ಅದು ಉಳಿದಿದ್ದರೆ, ಈಸ್ಟ್ರೋಜನ್‌ನಿಂದ ಒಳಪದರ ದಪ್ಪಗಾಗಿ ಕ್ಯಾನ್ಸರ್‌ಗೆ ದಾರಿಯಾಗದಂತೆ ಪ್ರೊಜೆಸ್ಟೊಜೆನ್ ಎಂಬ ಎರಡನೆಯ ಹಾರ್ಮೋನ್ ಕೂಡ ಬೇಕು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಇದ್ದವರು ಅದನ್ನೂ ತಿಳಿಸಬೇಕು.

ಅಲ್ಲಿನ ಸರ್ಕಾರಿ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ನೇರವಾಗಿ ತಜ್ಞರ ಬಳಿಗೆ ಹೋಗುವ ಕ್ರಮವಿಲ್ಲ. ಮನೆಯ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ವೈದ್ಯರಲ್ಲಿ ಶುಲ್ಕವಿಲ್ಲದೆ ಹೆಸರು ನೋಂದಾಯಿಸಿಕೊಳ್ಳಬೇಕು. ಚೀಟಿ ಬರೆಯುವವರೂ ಅವರೇ, ಅಗತ್ಯವಿದ್ದರೆ ಋತುಬಂಧದ ತಜ್ಞರಿಗೆ ಕಳುಹಿಸುವವರೂ ಅವರೇ. ವೀಸಾದೊಂದಿಗೆ ಕಟ್ಟುವ ಆರೋಗ್ಯ ಶುಲ್ಕದಲ್ಲಿ ಔಷಧದ ಚೀಟಿಯ ಹಣ ಸೇರಿಲ್ಲ. 2025ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಔಷಧಕ್ಕೆ 9.90 ಪೌಂಡ್ ಇತ್ತು, ಎರಡು ಹಾರ್ಮೋನ್ ಬೇರೆಬೇರೆಯಾಗಿ ಬರೆದರೆ ಎರಡರಷ್ಟು. ಆದರೆ 2023ರ ಏಪ್ರಿಲ್‌ನಲ್ಲಿ ಆರಂಭವಾದ ಹಾರ್ಮೋನ್ ಚಿಕಿತ್ಸೆಯ ಮುಂಗಡ ಪ್ರಮಾಣಪತ್ರವನ್ನು (2025ರ ದರದಲ್ಲಿ) 19.80 ಪೌಂಡ್‌ಗೆ ಕೊಂಡರೆ, ಪಟ್ಟಿಯಲ್ಲಿರುವ ಹಾರ್ಮೋನ್ ಔಷಧಗಳಿಗೆ ವರ್ಷವಿಡೀ ಮತ್ತೆ ಹಣ ಕೊಡಬೇಕಾಗಿಲ್ಲ. ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಚೀಟಿಗೆ ಶುಲ್ಕವೇ ಇಲ್ಲ.

ಊರಿನಿಂದ ಫೋನಿನಲ್ಲಿ ಹಿರಿಯರು ‘ಮುಟ್ಟಿನ ಕಾಟ ತಪ್ಪಿತಲ್ಲ, ಇನ್ನೇಕೆ ಮಾತ್ರೆ’ ಎನ್ನುತ್ತಾರೆ. ಅವರ ಕಳಕಳಿ ನಿಜ, ಆದರೆ ಈ ಸಲಹೆಯನ್ನು ಪಾಲಿಸಬಾರದು. ಸಹಜವಾಗಿ ಮುಟ್ಟು ನಿಲ್ಲುವಾಗ ಹಾರ್ಮೋನ್ ವರ್ಷಗಟ್ಟಲೆ ನಿಧಾನವಾಗಿ ಇಳಿದರೆ, ಇಲ್ಲಿ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಕುಸಿಯುತ್ತದೆ. ಮೈ ಕುದಿಯುವುದು, ನಿದ್ರೆ ಕೆಡುವುದು ಕಣ್ಣಿಗೆ ಕಾಣುತ್ತದೆ, ಮೂಳೆ ಸವೆಯುವುದೂ ಹೃದಯಕ್ಕೆ ಅಪಾಯ ಹೆಚ್ಚುವುದೂ ಕಾಣುವುದಿಲ್ಲ. 2002ರಲ್ಲಿ ಹಾರ್ಮೋನ್ ಬಗ್ಗೆ ಭಯ ಹರಡಿದ ಅಮೆರಿಕದ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಮೂವತ್ತೈದರ ಹೆಣ್ಣಿಗೆ ಆ ಲೆಕ್ಕ ಹೊಂದದು. ತಡೆಯುವ ಬೇರೆ ಕಾರಣವಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗೆ, ಅಂದರೆ ಅಲ್ಲಿನ ಲೆಕ್ಕದಲ್ಲಿ ಸುಮಾರು 51ರವರೆಗಾದರೂ, ಚಿಕಿತ್ಸೆ ಮುಂದುವರಿಸುವುದು ಅಲ್ಲಿನ ವೈದ್ಯಕೀಯ ಮಾರ್ಗಸೂಚಿ. ಸ್ತನ ಕ್ಯಾನ್ಸರ್ ಬಂದಿದ್ದವರು ಮಾತ್ರ ತಜ್ಞರನ್ನು ಕಾಣದೆ ಆರಂಭಿಸಬಾರದು. ರಕ್ತ ಹೆಪ್ಪುಗಟ್ಟುವ ಭಯವಿದ್ದವರು ಮಾತ್ರೆಗೆ ಬದಲಾಗಿ ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಜೆಲ್ ಕೇಳಬಹುದು.

ಹುತ್ತರಿಗೆ ಊರಿಗೆ ಬರುವಾಗ ಬೇಕಾಗುವಷ್ಟು ಔಷಧವನ್ನು ಚೀಟಿಯ ಪ್ರತಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಹಳ್ಳಿಯ ಅಂಗಡಿಯಲ್ಲಿ ಅದೇ ಪ್ಯಾಚ್ ಸಿಗುತ್ತದೆಂದು ನಂಬಿ ಹೊರಡಬೇಡಿ.